ಐದು ಮೆಟ್ಟಿಲ ಏಣಿ

ನನ್ನನ್ನು ಅಳೆಯಲು ಸಂಸ್ಥೆಯವರು ಮೂರು ಸಲ ಬಂದರು. ಮೊದಲ ಸಲ ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲು ಎಂದರು, ನಿಂತೆ. ಎರಡನೆಯ ಸಲ ನನ್ನನ್ನು ಬಿಟ್ಟು ಅವ್ವನನ್ನು ಕೇಳಿದರು, ಅವ್ವ ಹೇಳಿದಳು. ಮೂರನೆಯ ಸಲ ಮತ್ತೆ ಕಾಟಾದ ಮೇಲೆ ನಿಲ್ಲು ಎಂದರು. ನಿಲ್ಲಲಿಲ್ಲ. ಕಥೆ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಅದು ಸಂಸ್ಥೆಯವರ ವರದಿಯ ಹಾಗಾಗುತ್ತದೆ. ಅದಕ್ಕೆ ಉಳಿದದ್ದನ್ನೂ ಹೇಳುತ್ತೇನೆ.

ನನ್ನ ಹೆಸರು ನಿಲೋಫರ. ಊರು ಲಕ್ಕಲಕಟ್ಟಿ. ನಾವು ಪಿಂಜಾರರು. ಅಪ್ಪ ಇಮಾಮಸಾಬ ಊರೂರು ತಿರುಗಿ ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದ. ಆ ಕೆಲಸಕ್ಕೆ ಎರಡು ಜೊತೆ ಕೈ ಬೇಕು. ಗಂಟುಗಟ್ಟಿದ ಹತ್ತಿಯನ್ನು ಒಬ್ಬರು ಕೋಲಿನಿಂದ ಬಡಿಯಬೇಕು, ಒಬ್ಬರು ಬಿಲ್ಲಿನಿಂದ ಹಿಂಜಬೇಕು. ಯಾರ ಯಾರದೋ ಬೆವರು, ಎಣ್ಣೆ, ಮಕ್ಕಳ ಉಚ್ಚೆ ಎಲ್ಲ ಒಣಗಿ ಧೂಳಾಗಿ ಮೂಗಿಗೆ ಹೋಗುತ್ತದೆ. ಉಗುಳಿದರೆ ಕಪ್ಪಗೆ ಬೀಳುತ್ತದೆ. ಅಪ್ಪನ ಎದೆ ಅಷ್ಟರಲ್ಲೇ ಕೆಟ್ಟಿತ್ತು. ಹೀಗಾಗಿ ಏಳನೆಯ ಇಯತ್ತೆ ಮುಗಿದ ಮೇಲೆ ಎರಡನೆಯ ಜೊತೆ ಕೈ ನನ್ನದಾಯಿತು. ದಬ್ಬಣ ಹಿಡಿದು ಹಿಡಿದು ಅಂಗೈ ಎಮ್ಮೆಯ ಚರ್ಮ ಆಯಿತು. ಇದು ದುಃಖದ ಸಂಗತಿ ಎಂದು ನನಗೆ ಗೊತ್ತಾದದ್ದು ಸಂಸ್ಥೆಯವರು ಬಂದ ಮೇಲೆ.

ಸಂಸ್ಥೆಗೆ ಒಂದು ಉದ್ದನೆಯ ಹೆಸರಿತ್ತು. ಜೀಪಿನ ಮುಂದಿನ ಬಾಗಿಲಲ್ಲಿ ಶುರುವಾದರೆ ಹಿಂದಿನ ಚಕ್ರದ ಮೇಲೆ ಮುಗಿಯುತ್ತಿತ್ತು. ನಾವು ಬರೀ ಸಂಸ್ಥೆ ಎನ್ನುತ್ತಿದ್ದೆವು. ಶಾಲೆ ಬಿಟ್ಟ ಹುಡುಗಿಯರಿಗೆ ಸಂಜೆ ಪಾಠ ಹೇಳಿ, ಹೊರಗಿನಿಂದ ಮೆಟ್ರಿಕ್ ಪರೀಕ್ಷೆಗೆ ಕೂರಿಸುವುದು ಅವರ ಕೆಲಸ. ದುಡ್ಡು ಹೊರದೇಶದ್ದು. ದುಡ್ಡು ಕೊಟ್ಟವರಿಗೆ ನಾವು ಎಷ್ಟು ಬೆಳೆದೆವೆಂದು ತೋರಿಸಬೇಕಂತೆ. ತೋರಿಸಬೇಕಾದರೆ ಪಾಠ ಶುರುವಾಗುವ ಮೊದಲೊಮ್ಮೆ, ಆಮೇಲೊಮ್ಮೆ ಅಳೆಯಬೇಕು. ಎರಡು ಸಾವಿರದ ಐದನೆಯ ಇಸವಿಯ ಮಳೆಗಾಲದಲ್ಲಿ ಅಳೆಯಲು ಬಂದವರು ಡಿ. ಎಚ್. ಸರ್. ಹೊಳೆಆಲೂರಿನವರು. ಡಿ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ದೇವೇಂದ್ರ ಇರಬೇಕು ಎಂದು ನನ್ನ ಗೆಳತಿ ಪೂಜಾ ಹೇಳಿದಳು. ಅವರ ಇಸ್ತ್ರಿ ಹಾಕಿದ ಅಂಗಿಗೆ ಅದು ಒಪ್ಪುತ್ತಿತ್ತು.

ಸರ್ ತೂಕದ ಯಂತ್ರವನ್ನು ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ರೋಣದಿಂದ ಬಂದರು. ರಸ್ತೆಯ ಗುಂಡಿಗಳು ಯಂತ್ರವನ್ನು ಮೊದಲೇ ಅಳೆದು ಮುಗಿಸಿದ್ದವು. ಯಾರು ನಿಂತರೂ ಅದು ಇಪ್ಪತ್ತೆಂಟು ಕಿಲೋ ಎಂದು ತೋರಿಸಿತು. ನಾನೂ ಇಪ್ಪತ್ತೆಂಟು, ಪೂಜಾಳೂ ಇಪ್ಪತ್ತೆಂಟು. ಅನುಮಾನ ಬಂದು ಸರ್ ತಾವೇ ನಿಂತರು, ಅವರೂ ಇಪ್ಪತ್ತೆಂಟು. ಆವತ್ತೇ ಕೆಲಸ ಮುಗಿಸಬೇಕಿತ್ತು. ಹಾಗಾಗಿ ನಮ್ಮನ್ನೆಲ್ಲ ಹತ್ತಿ ವ್ಯಾಪಾರದ ಸಾವಕಾರರ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹತ್ತಿಯ ಅಂಡಗಿ ತೂಗುವ ದೊಡ್ಡ ಕಾಟಾ ಇತ್ತು. ಅಂಡಗಿ ಅಂದರೆ ಹತ್ತಿ ತುಳಿದು ತುಂಬಿದ, ಆಳೆತ್ತರದ ಚೀಲ.

ಅಂಗಳದ ತುಂಬ ಹಮಾಲರು ಕೂತಿದ್ದರು. ಒಬ್ಬೊಬ್ಬರೇ ಕಾಟಾ ಹತ್ತಿದೆವು. ಇವನ್ನೆಲ್ಲ ಕೂಡಿಸಿದರೂ ಒಂದು ಅಂಡಗಿ ಆಗುವುದಿಲ್ಲ ಎಂದು ಒಬ್ಬ ಹೇಳಿದ. ಇನ್ನೊಬ್ಬ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ನನ್ನ ಲಂಗದ ಹತ್ತಿರ ತಂದು, ಸಿಕ್ಕಿಸಿ ಎಳೆಯುವ ಹಾಗೆ ಮಾಡಿ ತೋರಿಸಿದ. ಎಲ್ಲರೂ ನಕ್ಕರು. ಸಾವಕಾರರೂ ನಕ್ಕರು. ಸರ್ ನಗಲಿಲ್ಲ. ಬೈಯಲೂ ಇಲ್ಲ. ಅವರು ಕಾಟಾದ ಮುಳ್ಳನ್ನೇ ನೋಡುತ್ತಿದ್ದರು. ನಾನು ಲಂಗ ಹಿಡಿದುಕೊಂಡು ಇಳಿದೆ. ಮನೆಗೆ ಬಂದು ಕೈಕಾಲು ತೊಳೆದೆ, ಮತ್ತೊಮ್ಮೆ ತೊಳೆದೆ.

ತೂಕ ಆದಮೇಲೆ ತಾಯಂದಿರ ಸರದಿ. ಸರ್ ಒಂದು ಚಿತ್ರ ತೋರಿಸಿದರು. ಐದು ಮೆಟ್ಟಿಲ ಏಣಿ. ನಿಮ್ಮ ಮಗಳು ಓದು, ಧೈರ್ಯ, ಆರೋಗ್ಯ, ಬುದ್ಧಿ ಎಲ್ಲ ಸೇರಿ ಯಾವ ಮೆಟ್ಟಿಲ ಮೇಲೆ ಇದ್ದಾಳೆ, ಬೆರಳಿಟ್ಟು ತೋರಿಸಿ ಎಂದರು. ಇಸ್ತ್ರಿ ಅಂಗಿಯ ಪರಸ್ಥಳದವನು ಬಂದು ಹುಡುಗಿಯ ವಯಸ್ಸು ಕೇಳುತ್ತಾನೆ, ಎತ್ತರ ನೋಡುತ್ತಾನೆ, ಏನೇನು ಬರುತ್ತದೆ ಎಂದು ವಿಚಾರಿಸುತ್ತಾನೆ. ಇಂಥದ್ದನ್ನು ನಮ್ಮವರು ಒಂದೇ ಕಡೆ ಕಂಡಿದ್ದಾರೆ, ಕನ್ಯಾ ನೋಡುವ ಶಾಸ್ತ್ರದಲ್ಲಿ. ಅಲ್ಲಿ ಯಾವ ತಾಯಿಯೂ ಮಗಳನ್ನು ಹಳಿಯುವುದಿಲ್ಲ. ಪೂಜಾಳ ತಾಯಿ ನೀಲವ್ವ, ತನ್ನ ಮಗಳು ಒಬ್ಬಳೇ ನೂರು ಮಂದಿಗೆ ಅಡುಗೆ ಮಾಡುತ್ತಾಳೆ ಎಂದಳು. ಪೂಜಾಳಿಗೆ ಆಗ ಒಲೆ ಹೊತ್ತಿಸಲೂ ಬರುತ್ತಿರಲಿಲ್ಲ. ನಮ್ಮವ್ವ ಹಸನಬಿ ನೇರ ಐದನೆಯ ಮೆಟ್ಟಿಲಿಗೆ ಬೆರಳಿಟ್ಟಳು. ಬೆರಳು ಏಣಿ ದಾಟಿ ಕಾಗದದ ಅಂಚಿಗೆ ಹೋಯಿತು. ಊರಿನ ಎಲ್ಲ ತಾಯಂದಿರೂ ನಮ್ಮನ್ನು ಏಣಿಯ ತುದಿಗೆ ಏರಿಸಿ ಕೂರಿಸಿದರು. ಇಷ್ಟು ಬೆಳೆದವರಿಗೆ ಮತ್ತೆ ಪಾಠ ಯಾಕೆ ಎಂದು ಸಂಸ್ಥೆಯವರಿಗಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಸಂಜೆ ಸಾಲಿ ಶುರುವಾದದ್ದು ದರ್ಗಾದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಒಂದು ಗೋಡೆಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿದರು. ಪಾಠ ಹೇಳಲು ಗಜೇಂದ್ರಗಡದಿಂದ ಆಸಿಫಾ ಟೀಚರ್ ಬಸ್ಸಿಗೆ ಬರುತ್ತಿದ್ದರು. ನಮಗಿಂತ ಆರೇಳು ವರ್ಷಕ್ಕೆ ದೊಡ್ಡವರು ಅಷ್ಟೇ. ಹಗಲು ಹತ್ತಿ ಬಡಿದು, ಕೂದಲಲ್ಲಿ ಹಿಂಜಿದ ಎಳೆ ಸಿಕ್ಕಿಸಿಕೊಂಡು ಹೋಗಿ ಕೂರುತ್ತಿದ್ದೆ. ನಿನ್ನ ತಲೆ ಈಗಲೇ ನರೆತಿದೆ, ಅಜ್ಜಿಯ ಹಾಗೆ ಗಂಭೀರವಾಗಿ ಕಲಿ ಎಂದು ಟೀಚರ್ ಕಾಡಿಸುತ್ತಿದ್ದರು. ಅಪ್ಪ ಒಂದು ಮಾತು ಹೇಳಿದ್ದ. ಸಾಲಿ ನಡೆಯುವ ತನಕ ಸಂಜೆ ಹೊತ್ತು ನಾನೊಬ್ಬನೇ ಎಳೆಯುತ್ತೇನೆ, ಸಾಲಿ ನಿಂತ ದಿನ ನೀನು ಪೂರಾ ಗಾದಿಗೆ ಬರಬೇಕು. ನಾನು ಒಪ್ಪಿದ್ದೆ. ಮೆಟ್ರಿಕ್ ಆಗಿಬಿಟ್ಟರೆ ಆಮೇಲೆ ಗಾದಿ ನನ್ನನ್ನು ಹಿಡಿಯಲಾರದು ಎಂಬ ಆಸೆ.

ಎರಡು ವರ್ಷದಲ್ಲಿ ನಾನು ಬದಲಾದೆ. ಎಷ್ಟು ಎಂದು ಏಣಿಯ ಮೇಲೆ ತೋರಿಸಲು ನನಗೆ ಬರುವುದಿಲ್ಲ. ಒಂದು ಸಂಗತಿ ಹೇಳುತ್ತೇನೆ. ಅಸೂಟಿಯಲ್ಲಿ ಒಂದು ದೊಡ್ಡ ಮನೆಗೆ ಗಾದಿ ಹೊಲಿಯಲು ಪ್ರತಿ ವರ್ಷ ಹೋಗುತ್ತಿದ್ದೆವು. ಅಂಗಳದಲ್ಲಿ ಕೂತು ಕೆಲಸ. ನೀರು ಕೇಳಿದರೆ ಆ ಮನೆಯವರು ಕಟ್ಟೆಯ ಮೇಲೆ ನಿಂತು ಬೊಗಸೆಗೆ ಸುರಿಯುತ್ತಿದ್ದರು. ನಾವು ಕೈಯಾಡಿಸಿದ ಗಾದಿಯ ಮೇಲೆ ಇಡೀ ರಾತ್ರಿ ಮಲಗುತ್ತಾರೆ, ನಾವು ಮುಟ್ಟಿದ ತಂಬಿಗೆ ಮಾತ್ರ ಆಗುವುದಿಲ್ಲ. ಆ ವರ್ಷ ನಾನು ಬೊಗಸೆ ಒಡ್ಡಲಿಲ್ಲ. ಮನೆಯಲ್ಲಿ ಗ್ಲಾಸ್ ಇಲ್ಲವೇನು ಎಂದು ಕೇಳಿದೆ. ಗಟ್ಟಿಯಾಗಿಯೇನೂ ಕೇಳಲಿಲ್ಲ, ಇಲ್ಲದವರ ಮೇಲೆ ಕನಿಕರ ಬಂದವಳ ಹಾಗೆ ಕೇಳಿದೆ. ಆ ಮನೆಯಾಕೆಯ ಮುಖ ಕೆಂಪಗಾಯಿತು. ಬಹಳ ಹೊತ್ತಿನ ಮೇಲೆ ಸ್ಟೀಲಿನ ಗ್ಲಾಸು ಬಂತು. ಅಪ್ಪ ಹೆದರಿ ಹತ್ತಿಯೊಳಗೆ ಮುಖ ಹುದುಗಿಸಿದ್ದ. ದಾರಿಯಲ್ಲಿ ಬರುವಾಗ ಒಬ್ಬನೇ ನಕ್ಕು, ಕೆಮ್ಮಿ, ಮತ್ತೆ ನಕ್ಕ.

ಅವ್ವನಿಗೆ ಇದನ್ನು ಅಪ್ಪನೇ ಹೇಳಿದ. ಆವತ್ತು ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ನನ್ನ ನದರ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ, ಕಣ್ಣು ತಾಗಿದ್ದು ಖರೆ ಎಂದು ಗಾಬರಿಯಾದಳು. ಅಲ್ಲಿಂದ ಮುಂದೆ ಮಂದಿಯ ಮುಂದೆ ನನ್ನನ್ನು ಬೈಯುವುದು ಹೆಚ್ಚಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮೂರಲ್ಲಿ ಮುದ್ದಿನ ಮಗುವನ್ನು ಹೆಗ್ಗಣ ಎಂದು ಕರೆದೇ ಸಾಕುತ್ತಾರೆ. ಮಗು ಚೆಲುವಾದಷ್ಟೂ ಬೈಗುಳ ದೊಡ್ಡದು. ದೂರದವರ ಕಣ್ಣು ದಾಟಿ ಹೋಗುತ್ತದೆ, ಹತ್ತಿರದವರ ಕಣ್ಣು ನೆಟ್ಟು ನಿಲ್ಲುತ್ತದೆ ಎಂಬುದು ಅವ್ವನ ಲೆಕ್ಕ. ಪರಸ್ಥಳದವರ ಮುಂದೆ ಹೊಗಳಬಹುದು, ಮನೆಯಲ್ಲಿ ಚಹಾ ಕುಡಿದವರ ಮುಂದೆ ಕೂಡದು.

ಡಿ. ಎಚ್. ಸರ್ ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಚಹಾ ಕುಡಿದಿದ್ದರು.

ಎರಡು ಸಾವಿರದ ಏಳರ ದೀಪಾವಳಿ ಹತ್ತಿರ ಬಂದಾಗ ಅವರು ಮತ್ತೆ ಏಣಿಯ ಚಿತ್ರ ಹಿಡಿದು ಬಂದರು. ಈ ಸಲ ತೂಕದ ಯಂತ್ರ ತಂದೇ ಇರಲಿಲ್ಲ, ತಾಯಂದಿರನ್ನಷ್ಟೇ ಕೇಳಿ ಹೋಗುವುದಿತ್ತು. ನೀಲವ್ವ ಮೊದಲು ಹೇಳಿದಳು. ಪೂಜಾಳಿಗೆ ಕೈ ಕೆಲಸ ಬರುವುದಿಲ್ಲ, ಬುದ್ಧಿ ಇಲ್ಲ, ಮೋರೆ ತೊಳೆಯಲೂ ಬರುವುದಿಲ್ಲ. ಪೂಜಾ ಆ ವಾರವಷ್ಟೇ ಊರಿನ ರೇಷನ್ ಅಂಗಡಿಯಲ್ಲಿ ನಿಂತು ಸೀಮೆಎಣ್ಣೆ ಯಾಕೆ ಕಡಿಮೆ ಎಂದು ಜಗಳ ತೆಗೆದು ಗೆದ್ದಿದ್ದಳು. ಎಲ್ಲರೂ ನೋಡಿದ್ದರು. ಅದಕ್ಕೇ ನೀಲವ್ವನಿಗೆ ಅಷ್ಟು ಹೆದರಿಕೆ. ನಮ್ಮವ್ವ ಏಣಿಯನ್ನು ಬಹಳ ಹೊತ್ತು ನೋಡಿದಳು. ಕೆಳಗಿನ ಮೆಟ್ಟಿಲೂ ಅವಳಿಗೆ ಎತ್ತರ ಅನ್ನಿಸಿತು.

"ಇದರ ಕೆಳಗ ನೆಲಾ ಐತಲ್ರಿ, ಅಲ್ಲಿ ಇಟ್ಟರ ನಡಿತೈತೇನ್ರಿ?" ಎಂದು ಕೇಳಿದಳು.

ನೆಲಕ್ಕೆ ಅಂಕ ಇಲ್ಲ, ಒಂದರಿಂದಲೇ ಶುರು ಎಂದು ಸರ್ ಹೇಳಿದರು. ಹಾಗಾದರೆ ಒಂದೇ ಬರೆದುಕೊಳ್ಳಿ, ಆದರೆ ನನಗೆ ಮನಸ್ಸಿಲ್ಲ ಎಂದಳು ಅವ್ವ. ಸರ್ ಹೊಳೆಆಲೂರಿನ ಮಗ. ಈ ಮಾತಿನ ಮರ್ಮ ಅವರಿಗೆ ಗೊತ್ತಿರಲೇಬೇಕು. ಆದರೆ ಕೈಯಲ್ಲಿ ಸಂಸ್ಥೆಯ ಪೆನ್ನು ಹಿಡಿದಾಗ ಹೊಳೆಆಲೂರು ಮರೆತು ಹೋಗುತ್ತಿತ್ತೇನೋ. ಒಂದು ಎಂದು ಬರೆದುಕೊಂಡರು. ಚಹಾ ಕುಡಿದು ಹೋದರು.

ಆ ಅಂಕಗಳು ಧಾರವಾಡಕ್ಕೆ ಹೋದವು, ಅಲ್ಲಿಂದ ಬೆಂಗಳೂರಿಗೆ ಹೋದವು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಅಲ್ಲಿದ್ದರು. ಎರಡು ವರ್ಷದ ಹಿಂದೆ ಲಕ್ಕಲಕಟ್ಟಿಯ ಹುಡುಗಿಯರು ಏಣಿಯ ತುದಿಯಲ್ಲಿದ್ದರು, ಪಾಠ ಹೇಳಿದ ಮೇಲೆ ಬುಡಕ್ಕೆ ಬಿದ್ದಿದ್ದಾರೆ ಎಂದು ತೀರ್ಮಾನವಾಯಿತು. ನರಗುಂದದ ಕಡೆಯ ಒಂದು ಊರಲ್ಲಿ ಆ ವರ್ಷವಷ್ಟೇ ಅಳೆದಿದ್ದರು. ಹೊಸ ಊರು, ಸರ್ ಅಲ್ಲಿ ಇನ್ನೂ ಚಹಾ ಕುಡಿದಿರಲಿಲ್ಲ, ತಾಯಂದಿರು ಹೊಗಳಿದ್ದರು. ಡಿಸೆಂಬರ್ ಕೊನೆಗೆ ನಮ್ಮ ಸಾಲಿ ಮುಚ್ಚಿ, ಟೀಚರನ್ನು ಅಲ್ಲಿಗೆ ಕಳಿಸಬೇಕೆಂದು ಅಪ್ಪಣೆ ಬಂತು. ಪರೀಕ್ಷೆ ಮಾರ್ಚಿಗೆ. ಗಣಿತ ಇನ್ನೂ ಅರ್ಧ ಆಗಿರಲಿಲ್ಲ.

ನಾವು ಅತ್ತೆವು. ಡಿ. ಎಚ್. ಸರ್ ಓಡಾಡಿ ಒಂದು ಅವಕಾಶ ತಂದರು. ಬೆಂಗಳೂರಿನಿಂದ ಮೇಡಂ ಬರುತ್ತಾರೆ. ಅವರ ಕಣ್ಣೆದುರು, ಊರವರ ಎದುರು ಮತ್ತೆ ಅಳೆಯಬೇಕು. ಮೊದಲ ಸಲ ತೂಗಿದ ಕಾಟಾದ ಮೇಲೆಯೇ ತೂಗಬೇಕು, ಇಲ್ಲವಾದರೆ ಹೋಲಿಕೆ ಸರಿಬರುವುದಿಲ್ಲವಂತೆ. ತಾಯಂದಿರು ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಮಗಳು ಹೇಗಿದ್ದಾಳೆ ಹೇಳಬೇಕು. ಚೆನ್ನಾಗಿದ್ದಾಳೆ ಎಂದರೆ ಸಾಲಿ ಉಳಿದರೂ ಉಳಿದೀತು.

ನಾನು ಮನೆಗೆ ಓಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಒಂದ ಮಾತು, ಯವ್ವಾ. ನನ್ನ ಮಗಳು ಚಲೋ ಅದಾಳ ಅಂದಬಿಡು. ಅಷ್ಟಕ್ಕ ನಿನ್ನ ನಾಲಗಿ ಸವಿತೈತೇನ?"

ಅವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೇಳುವುದಿಲ್ಲ ಎಂದಳು. ನಾನು ರೇಗಿದೆ. ನಿನ್ನಿಂದಲೇ ಸಾಲಿ ಹೋಗುತ್ತಿದೆ ಎಂದೆ, ನೀನು ಎಂಥ ತಾಯಿ ಎಂದೆ. ಆಗ ಅವಳು ನನಗಿಂತ ಮೊದಲು ಹುಟ್ಟಿದ್ದ ಅಣ್ಣ ದಾದಾಪೀರನ ಹೆಸರು ತೆಗೆದಳು. ಆ ಹೆಸರನ್ನು ಅವಳು ಎಂದೂ ತೆಗೆಯುತ್ತಿರಲಿಲ್ಲ. ಅವನು ಎರಡು ವರ್ಷದವನಿದ್ದಾಗ ಉರುಸಿಗೆ ಕರೆದುಕೊಂಡು ಹೋಗಿದ್ದರು. ನಮ್ಮ ಸಂಬಂಧಿಕಳು ಮೈಮುನಬಿ ಅವನನ್ನು ಎತ್ತಿಕೊಂಡು, ಏನು ಹಸನಬಿ, ಪೈಲವಾನನನ್ನು ಹೆತ್ತಿದ್ದೀಯಲ್ಲ ಎಂದಳಂತೆ. ಅವ್ವನಿಗೂ ಹೆಮ್ಮೆ ಬಂದು ಹೌದೆಂದಳಂತೆ. ಮರುದಿನವೇ ವಾಂತಿಭೇದಿ. ದವಾಖಾನೆ ರೋಣದಲ್ಲಿ. ಬಸ್ಸು ಬರಲಿಲ್ಲ. ಚಕ್ಕಡಿ ಹೂಡಿಕೊಂಡು ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದರು.

"ನೀ ಸಾಲಿ ಇಲ್ಲದ ಬದುಕತಿ," ಎಂದಳು ಅವ್ವ. "ನೀ ಇಲ್ಲದ ನಾ ಹ್ಯಾಂಗ ಬದುಕಲಿ?"

ಅಣ್ಣ ಸತ್ತದ್ದು ಕಣ್ಣು ತಾಗಿ ಅಲ್ಲ, ಕೊಳೆ ನೀರು ಕುಡಿದು, ಬಸ್ಸು ಬಾರದೆ ಎಂದು ನನಗೆ ಗೊತ್ತಿತ್ತು. ಏಳನೆಯ ಇಯತ್ತೆಯ ವಿಜ್ಞಾನದಲ್ಲೇ ಅದು ಇದೆ. ಆದರೆ ಅದನ್ನು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ನಮ್ಮೂರಿನಿಂದ ದವಾಖಾನೆ ಎಷ್ಟು ದೂರ ಎಂದು ಅಳೆಯಲು ಯಾವ ಸಂಸ್ಥೆಯೂ ಬಂದಿರಲಿಲ್ಲ. ಆದರೂ ನನಗೆ ಅವ್ವನ ಮೇಲಿನ ಸಿಟ್ಟು ಇಳಿಯಲಿಲ್ಲ. ಉಣ್ಣದೆ ಮಲಗಿದೆ.

ಮೇಡಂ ಬಂದ ದಿನ ಸಾವಕಾರರ ಅಂಗಳ ತುಂಬಿತ್ತು. ಮೇಡಂ ಕೆಟ್ಟವರೇನಲ್ಲ. ಬಂದವರೇ ಎಲ್ಲರಿಗೂ ಕೈ ಮುಗಿದರು, ನೆಲದ ಮೇಲೆ ಕೂರುತ್ತೇನೆ ಎಂದರು. ಸಾವಕಾರರು ಬಿಡದೆ ಕುರ್ಚಿ ಹಾಕಿಸಿದರು. ಹತ್ತಿಯ ಸುಗ್ಗಿ, ಗೋಡೆಯುದ್ದಕ್ಕೂ ಅಂಡಗಿ ನಿಂತಿದ್ದವು. ಹಮಾಲರು ಅವುಗಳ ಮೇಲೆ ಕೂತಿದ್ದರು. ಕೊಕ್ಕೆ ಹಿಡಿದಿದ್ದವನೂ ಇದ್ದ, ಕೊಕ್ಕೆಯೂ ಇತ್ತು. ನನ್ನ ಹೆಸರು ಮೊದಲು ಕರೆದರು.

"ಹತ್ತಮ್ಮಾ, ನಾಚ್ಕೋಬೇಡ," ಎಂದರು ಮೇಡಂ.

ನಾನು ಕಾಟಾದ ಹತ್ತಿರ ಹೋದೆ. ಅದರ ಹಲಗೆಗೆ ಹತ್ತಿಯ ಎಳೆ ಅಂಟಿಕೊಂಡಿತ್ತು. ಮೊದಲ ಸಲ ತಲೆ ತಗ್ಗಿಸಿ ನಿಂತಾಗ ಕಂಡಿದ್ದ ಹಮಾಲರ ಕಾಲುಗಳೆಲ್ಲ ಮತ್ತೆ ಕಂಡವು. ಪರೀಕ್ಷೆ ಬೇಕಿತ್ತು. ಗಣಿತ ಬೇಕಿತ್ತು. ಒಂದು ಹೆಜ್ಜೆ ಮೇಲಿಟ್ಟರೆ ಸಿಗಬಹುದಿತ್ತು. ಕಾಲು ಏಳಲಿಲ್ಲ.

"ಹತ್ತಂಗಿಲ್ಲರಿ," ಎಂದೆ. "ಇದು ಅಂಡಗಿ ತೂಗೂ ಕಾಟಾ. ನಾ ಅಂಡಗಿ ಅಲ್ಲರಿ."

ಯಾರೋ ನಕ್ಕರು. ಇದು ಬರೀ ತೂಕ, ಇದರಲ್ಲಿ ಅವಮಾನ ಏನೂ ಇಲ್ಲ ಎಂದು ಮೇಡಂ ಸಮಾಧಾನ ಹೇಳಿದರು. ಹಾಗಾದರೆ ಮೊದಲು ಸಾವಕಾರರ ಮಗಳನ್ನು ಕರೆಸಿ, ಅವಳು ನಿಂತ ಮೇಲೆ ನಾನು ನಿಲ್ಲುತ್ತೇನೆ ಎಂದೆ. ಆಗ ನಗು ನಿಂತಿತು. ಸಾವಕಾರರು ಎದ್ದು ನಿಂತು, ಏನು ಮಾತಾಡುತ್ತೀ ಎಂದು ಗದರಿದರು. ಸರದಿಯಲ್ಲಿ ನನ್ನ ಹಿಂದೆ ನಿಂತು, ಹಲಗೆಯ ಮೇಲೆ ಆಗಲೇ ಒಂದು ಕಾಲಿಟ್ಟಿದ್ದ ಪೂಜಾ ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಹಿಂದಿನವರು ಅಲ್ಲೇ ನೆಲದ ಮೇಲೆ ಕೂತರು.

ಮೇಡಂ ತೂಕ ಬಿಟ್ಟು ಅವ್ವನ ಕಡೆಗೆ ತಿರುಗಿದರು. ನಿಮ್ಮ ಮಗಳು ಹೇಗಿದ್ದಾಳೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿ ಎಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅಷ್ಟೂ ಮಂದಿ, ಅಷ್ಟೂ ಕಣ್ಣು. ಮೇಡಂ ಮತ್ತೆ ಕೇಳಿದರು. ಅವ್ವ ತಲೆ ಅಲ್ಲಾಡಿಸಿದಳು.

"ತಾಯಿಗೇ ಮಗಳ ಮೇಲೆ ನಂಬಿಕೆ ಇಲ್ಲ ಅಂದ್ರೆ ನಾವೇನ್ ಮಾಡೋಕಾಗುತ್ತೆ?" ಎಂದು ಮೇಡಂ ಡಿ. ಎಚ್. ಸರ್ ಕಡೆ ನೋಡಿದರು. ಸರ್ ಕೆಳಗೆ ನೋಡಿದರು.

ಎರಡು ದಿನದಿಂದ ಅವ್ವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ದಾರಿ ಬದಲಿಸಿತು. ನನ್ನನ್ನು ಏನಾದರೂ ಅನ್ನಲಿ. ಮಗನನ್ನು ಚಕ್ಕಡಿಯಲ್ಲಿ ತಿರುಗಿ ತಂದವಳನ್ನು, ನಾನು ಉಳಿಯಲೆಂದು ಹದಿನಾರು ವರ್ಷ ಬಾಯಿ ಬಿಗಿಹಿಡಿದವಳನ್ನು ಊರ ಮುಂದೆ ನಿಲ್ಲಿಸಿ, ಮಗಳ ಮೇಲೆ ನಂಬಿಕೆ ಇಲ್ಲದವಳು ಎಂದರಲ್ಲ. ಮೈಯೆಲ್ಲ ಉರಿಯಿತು. ಆದರೆ ಅಸೂಟಿಯ ಗ್ಲಾಸು ನನಗೊಂದು ಕಲಿಸಿತ್ತು. ಉರಿ ಬಂದಾಗ ದನಿ ಮೆತ್ತಗೆ ಮಾಡಬೇಕು.

"ಸರ್, ನಿಮ್ಮ ಅವ್ವಾರಿಗೆ ಒಂದ ಫೋನ್ ಹಚ್ರಿ," ಎಂದೆ. "ಎಲ್ಲಾರಿಗೂ ಕೇಳೂ ಹಂಗ ಹಚ್ರಿ. ಅವರ ಮಗ ಹ್ಯಾಂಗದಾನ ಅಂತ ನಾ ಕೇಳತೀನಿ."

ಸರ್ ಕಿವಿ ಕೆಂಪಗಾಯಿತು. ಬೇಡ ಎಂದರು. ಹಮಾಲರು ಹಚ್ರಿ ಹಚ್ರಿ ಎಂದರು. ಮೇಡಮ್ಮಿಗೂ ಕುತೂಹಲ ಬಂತು. ಸರ್ ಮೊಬೈಲ್ ತೆಗೆದು, ಗುಂಡಿ ಒತ್ತಿ, ದನಿ ಹೊರಗೆ ಬರುವ ಹಾಗೆ ಮಾಡಿ ನನ್ನ ಮುಂದೆ ಹಿಡಿದರು. ಹೊಳೆಆಲೂರಿನಿಂದ ಸರ್ ಅವರ ತಾಯಿ ಗಾಳೆವ್ವ ಮಾತಾಡಿದಳು.

"ಯಾರ? ದ್ಯಾಮ್ಯಾನ?"

ಡಿ ಅಂದರೆ ದ್ಯಾಮಪ್ಪ ಎಂದು ಊರಿಗೆ ಗೊತ್ತಾದದ್ದು ಹೀಗೆ. ಪೂಜಾ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಲಕ್ಕಲಕಟ್ಟಿಯ ಸಾಲಿ ಹುಡುಗಿ ಎಂದು ಹೇಳಿ ಕೇಳಿದೆ. ಅವ್ವಾರ, ಐದು ಮೆಟ್ಟಿಲ ಏಣಿ ಐತಿ ಅಂತ ತಿಳೀರಿ. ಬುದ್ಧಿ, ಆರೋಗ್ಯ, ಧೈರ್ಯ ಎಲ್ಲ ಕೂಡಿ ನಿಮ್ಮ ಮಗ ಎಷ್ಟನೇದರ ಮ್ಯಾಲ ಅದಾನ್ರಿ?

"ಯಾವ ಏಣಿ ತಂಗಿ? ಅವಾ ಹೊಸ್ತಲಾ ದಾಟಾಕ ಎಡವತಾನ," ಎಂದಳು ಗಾಳೆವ್ವ. "ಸೊರಗಿ ಕಟಗಿ ಆಗ್ಯಾನ. ಎಷ್ಟ ಸಾಲಿ ಕಲಿತರೇನು, ತಲ್ಯಾಗ ಮಣ್ಣ. ನೌಕರಿ ಅಂತ ತಿರಗತಾನ, ಏನ ಮಾಡತಾನ ಯಾರಿಗ್ಗೊತ್ತ. ಅವನ ಹೆಸರ ತಗದ ಏನೂ ಕೇಳಬ್ಯಾಡ ನನ್ನ."

ಅಂಡಗಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲವ್ವ ನಕ್ಕಳು. ಕೊಕ್ಕೆ ಹಿಡಿದವನೂ ನಕ್ಕ, ಈ ಸಲ ನಗು ನನ್ನ ಮೇಲೆ ಇರಲಿಲ್ಲ. ಸರ್ ಫೋನ್ ಕಿಸೆಗೆ ಹಾಕಿಕೊಂಡರು. ಮೇಡಂ ಮಾತ್ರ ನಗಲಿಲ್ಲ. ನಿಮ್ಮ ತಾಯಿಗೆ ನಿಮ್ಮ ಮೇಲೆ ಸಿಟ್ಟೇ ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಮೇಡಂ," ಎಂದರು ಸರ್. "ನಾನಂದ್ರ ಭಾಳ ಜೀವ ಅಕಿಗೆ."

ಅವ್ವ ಸೆರಗಿನ ಒಳಗೇ ನಗುತ್ತಿದ್ದಳು. ಹೊಳೆಆಲೂರಿನಲ್ಲಿ ಒಬ್ಬ ಶಾಣೆ ಹೆಂಗಸು ಇದ್ದಾಳೆಂದು ಅವಳಿಗೆ ಸಮಾಧಾನವಾಗಿತ್ತು.

ಇಷ್ಟಾದ ಮೇಲೆ ಸಾಲಿ ಉಳಿಯಿತು ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಸಂಸ್ಥೆಗಳು ಗೊತ್ತಿಲ್ಲ. ಮೇಡಂ ನನ್ನ ಕೈ ಹಿಡಿದು, ನಿನಗೆ ನಾಯಕತ್ವ ಇದೆ, ಅದನ್ನು ಬರೆದುಕೊಳ್ಳುತ್ತೇನೆ ಎಂದರು. ಎಷ್ಟನೆಯ ಮೆಟ್ಟಿಲು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಂಕಗಳು ಹೊರದೇಶಕ್ಕೆ ಹೋಗಿಬಿಟ್ಟಿದ್ದವಂತೆ, ಹೋದ ಅಂಕ ತಿರುಗಿ ಬರುವುದಿಲ್ಲವಂತೆ. ಡಿಸೆಂಬರ್ ಕೊನೆಗೆ ಜೀಪು ಬಂತು. ಕಂದೀಲು, ಚಾಪೆ, ಭೂಗೋಳ, ಸಂಸ್ಥೆಯ ಹೆಸರಿನ ತಗಡು ಎಲ್ಲ ಒಯ್ದರು. ಗೋಡೆಗೆ ಬಳಿದ ಕಪ್ಪು ಬಣ್ಣವನ್ನು ಒಯ್ಯಲು ಅವರಿಂದ ಆಗಲಿಲ್ಲ.

ಆವತ್ತು ಸಂಜೆ ಅಪ್ಪ ಬಿಲ್ಲಿನ ತಂತಿ ಬಿಗಿಯುತ್ತ ಕೂತಿದ್ದ. ನನ್ನ ಮುಖ ನೋಡದೆ ಕೇಳಿದ.

"ಸಾಲಿ ನಿಂತಿತೇನ?"

ಕೊಟ್ಟ ಮಾತು ನೆನಪಿತ್ತು. ಅವನ ಎದೆ ಗೊರಗೊರ ಎನ್ನುವುದೂ ಕೇಳುತ್ತಿತ್ತು.

"ಸಂಸ್ಥೆ ನಿಂತೈತಿ, ಅಪ್ಪಾ," ಎಂದೆ. "ಸಾಲಿ ನಿಂತಿಲ್ಲ."

ಅಪ್ಪ ಬಡಿಯುವ ಕೋಲನ್ನು ನನ್ನ ಕೈಗೆ ಸಿಗದ ಹಾಗೆ ತನ್ನ ಆಚೆ ಬದಿಗೆ ಇಟ್ಟುಕೊಂಡು, ಹಾಗಾದರೆ ಹೋಗು, ಹೊತ್ತಾಗುತ್ತದೆ ಎಂದ.

ಹೋದೆ. ಪೂಜಾ ಮನೆಯಿಂದ ಕಂದೀಲು ತಂದಿದ್ದಳು. ಕಪ್ಪು ಗೋಡೆಯ ಮೇಲೆ ನಾವೇ ಬರೆದೆವು, ನಾವೇ ಅಳಿಸಿದೆವು. ತಪ್ಪನ್ನೂ ನಾವೇ ಕಲಿತೆವು. ಭಾನುವಾರಕ್ಕೊಮ್ಮೆ ಆಸಿಫಾ ಟೀಚರ್ ನರಗುಂದದಿಂದ ಬಸ್ಸು ಬದಲಿಸಿ ಬಂದು, ವಾರದ ತಪ್ಪನ್ನೆಲ್ಲ ಒಂದೇ ದಿನದಲ್ಲಿ ತಿದ್ದಿ ಹೋಗುತ್ತಿದ್ದರು. ಸಂಸ್ಥೆಗೆ ಗೊತ್ತಾದರೆ ನೌಕರಿ ಹೋಗುತ್ತಿತ್ತು. ಹಾಗೆ ಬರುವುದನ್ನು ಯಾವ ಏಣಿಯಲ್ಲೂ ಯಾರೂ ಅಳೆಯಲಿಲ್ಲ. ಗಜೇಂದ್ರಗಡಕ್ಕೆ ಹೋಗಿ ಪರೀಕ್ಷೆ ಬರೆದೆವು. ಪೂಜಾಳಿಗೆ ಗಣಿತ ಹೋಯಿತು, ಮತ್ತೆ ಕಟ್ಟಿ ಪಾಸಾದಳು. ನಾನು ಒಂದೇ ಸಲಕ್ಕೆ ಪಾಸಾದೆ. ಗಣಿತದಲ್ಲಿ ಕೂದಲೆಳೆಯಷ್ಟರಲ್ಲಿ ಪಾರಾದೆ.

ಫಲಿತಾಂಶ ಬಂದ ವಾರ ದ್ಯಾಮಪ್ಪ ಸರ್ ಮೋಟರ್ ಸೈಕಲ್ಲಿನಲ್ಲಿ ಬಂದರು. ಈಗ ಊರಲ್ಲಿ ಯಾರೂ ಅವರನ್ನು ಡಿ. ಎಚ್. ಅನ್ನುತ್ತಿರಲಿಲ್ಲ, ಅವರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಕಾಲೇಜಿಗೆ ಗಜೇಂದ್ರಗಡದಲ್ಲಿ ಹೆಸರು ಹಚ್ಚಲು ತಾವೇ ಬರುತ್ತೇನೆ ಎಂದರು. ಆಮೇಲೆ ಚೀಲದಿಂದ ಆ ಹಳೆಯ ಏಣಿಯ ಚಿತ್ರ ತೆಗೆದು, ನಗು ತಡೆದುಕೊಂಡು, ಅವ್ವನ ಮುಂದೆ ಹಿಡಿದರು.

"ಹಸನಬಿ ಅವ್ವಾರ, ಈಗ ಹೇಳ್ರಿ. ನಿಮ್ಮ ಮಗಳು ಎಲ್ಲಿ ಅದಾಳ?"

ಅವ್ವ ಕೈ ಒರೆಸಿಕೊಂಡು ಬಂದು ಚಿತ್ರ ನೋಡಿದಳು. ಐದನೆಯ ಮೆಟ್ಟಿಲಿನಿಂದ ಬೆರಳು ಒಂದೊಂದಾಗಿ ಇಳಿಯಿತು. ಒಂದನೆಯದನ್ನೂ ದಾಟಿತು. ನೆಲಕ್ಕೆ ಬಂದು ನಿಂತಿತು. ಅಲ್ಲೂ ಅವಳಿಗೆ ಸಮಾಧಾನವಾಗಲಿಲ್ಲ.

"ಇದರ ಬುಡಕ ಒಂದು ಭಾವಿ ತಗೀರಿ ಸರ," ಎಂದಳು. "ಅದರಾಗ ಹಾಕ್ರಿ ಇಕಿನ್ನ."

ಹೇಳಿ, ಕಾಗದ ಅವರ ಕೈಗೇ ಕೊಟ್ಟು, ಹಿಂದೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. ಎರಡೂ ಕೈಯಿಂದ ನನ್ನ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಎಂದವು.